ಅಕ್ಷರ ಸರಣಿ: ಎಲ್ಲರೂ ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಅಕ್ಷರ ಸರಣಿಯ ಪ್ರಶ್ನೆಗಳನ್ನು (ಇಂಗ್ಲಿಷ್ ಅಕ್ಷರಗಳ ಸಾಲು ಕೊಟ್ಟು ಮುಂದಿನ ಅಕ್ಷರ ಕೇಳುವಂಥವು) ಕಷ್ಟ ಅಂತ ಬಿಟ್ಟು ಮುಂದೆ ಹೋಗಬೇಡಿ, ಇವು ಕೈಗೆ ಸಿಗುವ ಅಂಕಗಳು.

ಮೊದಲು ಅಕ್ಷರದ ಸಂಖ್ಯೆ, ಅಂದರೆ ಎ 1, ಬಿ 2 ಹೀಗೆ ಝಡ್ 26ರವರೆಗೆ, ಬಾಯಿಗೆ ಬರಬೇಕು. ಇಪ್ಪತ್ತಾರನ್ನೂ ಉರು ಹೊಡೆಯುವುದು ಬೇಡ. ಇ 5, ಜೆ 10, ಒ 15, ಟಿ 20, ವೈ 25, ಇಷ್ಟು ಸಾಕು. ಆರ್ ಬೇಕಾದರೆ ಟಿಯಿಂದ ಎರಡು ಹಿಂದೆ, 18.

ಈಗ ಇದನ್ನು ನೋಡಿ: ಬಿ, ಇ, ಐ, ಎನ್, ಟಿ, ಮುಂದೇನು? ಕೆಳಗೆ ಬರೆಯಿರಿ: 2, 5, 9, 14, 20. ಅಂತರ 3, 4, 5, 6, ಹಾಗಾದರೆ ಮುಂದೆ 7 ಸೇರಿಸಬೇಕು, 27 ಆಯ್ತು, ಆದರೆ ಅಕ್ಷರ ಇರೋದು 26 ತಾನೇ, ಅದಕ್ಕೆ 26 ಕಳೆದರೆ 1, ಅಂದರೆ ಎ. ತುಂಬಾ ಜನ ಝಡ್ ದಾಟಿದ ಕೂಡಲೇ ಗಾಬರಿಯಾಗಿ ಕೈಬಿಡುವುದು ಇಲ್ಲೇ.

ಅಂತರ ಏರುಪೇರಾದರೆ ಒಂದು ಬಿಟ್ಟು ಒಂದು ಓದಿ. ಎ, ಝಡ್, ಸಿ, ಎಕ್ಸ್, ಇ, ವಿ ಅಂದರೆ ಎರಡು ಸರಣಿ ಹೆಣೆದುಕೊಂಡಿವೆ ಅಷ್ಟೆ, ಮುಂದಿನದು ಜಿ. ಎದುರು ಅಕ್ಷರಗಳ (ಎ-ಝಡ್, ಬಿ-ವೈ, ಸಿ-ಎಕ್ಸ್ ಹೀಗೆ) ಸಂಖ್ಯೆಗಳ ಮೊತ್ತ ಯಾವಾಗಲೂ 27, ಇದೂ ನೆನಪಿರಲಿ.

ಸಾಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಬರುವವರು ದಾರಿಯಲ್ಲೇ ಅಭ್ಯಾಸ ಮಾಡಬಹುದು, ಅಂಗಡಿ ಬೋರ್ಡಿನ ಇಂಗ್ಲಿಷ್ ಅಕ್ಷರ ನೋಡಿ ಸಂಖ್ಯೆ ಹೇಳಿಕೊಳ್ಳಿ. ಮಳೆಗೆ ಕರೆಂಟು, ನೆಟ್ಟು ಹೋದರೂ ಇದು ನಿಲ್ಲಲ್ಲ, ಅಲ್ವಾ?

ಇವತ್ತಿನದು: ಝಡ್, ವೈ, ಡಬ್ಲ್ಯು, ಟಿ, ಪಿ, ? ಸುಮ್ನೆ ಉತ್ತರ ಹಾಕಬೇಡಿ, ಅಂತರವನ್ನೂ ಬರೆದು ರಾತ್ರಿ ಒಂಬತ್ತರೊಳಗೆ ಕಳಿಸಿ.