ಲ್ಯಾಬಿನ ಆಚೆಗೂ ಒಂದು ಗಂಗೋತ್ರಿ ಇದೆ

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ.ಗೆ ಸೀಟು ಸಿಕ್ಕಿದ್ದನ್ನು ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಆದರೆ ಎರಡು ವರ್ಷ ಕ್ಲಾಸು, ಲ್ಯಾಬು, ಹಾಸ್ಟೆಲ್ ಬಿಟ್ಟು ಬೇರೆಲ್ಲೂ ತಲೆ ಹಾಕುವುದಿಲ್ಲ ಅಂದೆಯಂತೆ. ಅದಕ್ಕೇ ಈ ಕಾಗದ.

ಓದಬೇಡ ಅನ್ನುತ್ತಿಲ್ಲ ಮಗಳೇ. ರಸಾಯನಶಾಸ್ತ್ರಜ್ಞ ಸಿ.ಎನ್.ಆರ್. ರಾವ್ ಅವರೂ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದಲೇ ಬಿ.ಎಸ್ಸಿ. ಮುಗಿಸಿದವರು. ಆದರೆ ಈ ವಿಶ್ವವಿದ್ಯಾನಿಲಯ ಬರೀ ಪದವಿ ಕೊಡಲು ಹುಟ್ಟಿದ್ದಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರು ಸೇರಿ ಇದನ್ನು ಕಟ್ಟಿದರು. ಮುಂದೆ ಇಲ್ಲಿನ ಮೇಷ್ಟ್ರುಗಳು ಊರೂರಿಗೆ ಹೋಗಿ, ಕಾಲೇಜು ಮೆಟ್ಟಿಲು ಹತ್ತದವರಿಗೂ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳೇ ಪುಟ್ಟ ಪುಟ್ಟ ಪುಸ್ತಕಗಳಾಗಿ ಬಂದವು. ವಿಶ್ವವಿದ್ಯಾನಿಲಯದ ಪುಸ್ತಕ ಪ್ರಕಟಿಸುವ ಪ್ರಸಾರಾಂಗಕ್ಕೆ ಹೋದರೆ ಆ ಪುಸ್ತಕಗಳನ್ನು ತಿರುವಿ ಹಾಕು. ವಿಜ್ಞಾನವನ್ನು ಇಷ್ಟು ತಿಳಿಯಾಗಿ ಕನ್ನಡದಲ್ಲಿ ಹೇಳಬಹುದಾ ಅನ್ನಿಸುತ್ತದೆ.

ಒಂದು ದಿನ ಬಿಡುವು ಮಾಡಿಕೊಂಡು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗು. ಅದು 1891ರದ್ದು, ವಿಶ್ವವಿದ್ಯಾನಿಲಯಕ್ಕಿಂತಲೂ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ಎಲ್ಲರಿಗೂ ಗೊತ್ತಿತ್ತು, ಪುಸ್ತಕ ಮಾತ್ರ ಕಳೆದೇ ಹೋಯಿತು ಅಂದುಕೊಂಡಿದ್ದರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯಲ್ಲಿ ಅದನ್ನು ಗುರುತಿಸಿದವರು ಇಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚು ಹಾಕಿಸಿದರು. ಬಂದ ಕಟ್ಟನ್ನು ಸುಮ್ನೆ ಬೀರುವಿಗೆ ಸೇರಿಸಿಬಿಟ್ಟಿದ್ದರೆ? ನೆನೆದರೇ ಎದೆ ಝಲ್ ಅನ್ನುತ್ತದೆ.

ನಿನ್ನಂಥವಳಿಗೆ ಅಲ್ಲಿ ನೋಡುವುದು ಬಹಳ ಇದೆ. ಕಂಟ ಅನ್ನುವ ಚೂಪು ಲೇಖನಿಯಿಂದ ಕೊರೆದ ಅಕ್ಷರ ಗರಿಯ ಬಣ್ಣದಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮಸಿ ಸವರಿ ಒರೆಸಿದಾಗ ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ಉಳಿದು ಸಾಲು ಎದ್ದು ಕಾಣುತ್ತದೆ. ಗರಿ ಒಣಗಿ ಮುರಿಯದಿರಲಿ, ಹುಳ ಬೀಳದಿರಲಿ ಅಂತ ಎಣ್ಣೆ ಹಚ್ಚುತ್ತಾರೆ. ಯಾವ ಎಣ್ಣೆ, ಯಾಕೆ ಅದೇ ಅಂತ ಅಲ್ಲಿನವರನ್ನು ಕೇಳು. ಇದೂ ನಿನ್ನ ರಸಾಯನಶಾಸ್ತ್ರವೇ ಅಲ್ವಾ?

ಇನ್ನು ನಿನ್ನ ಕ್ಯಾಂಪಸ್ಸು. ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1956ರಲ್ಲಿ ಕುಲಪತಿಗಳಾದ ಕುವೆಂಪು ಅವರು ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ಒಳಗೇ ಜಯಲಕ್ಷ್ಮೀವಿಲಾಸ ಅರಮನೆ ಇದೆ. ಅಲ್ಲಿನ ಜಾನಪದ ಸಂಗ್ರಹದಲ್ಲಿ ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ ಎಲ್ಲ ಇವೆ. ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗು.

ದಸರೆಗೆ ಮುಂಚೆ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ನಿಮ್ಮ ಕಡೆಯಿಂದ ತಂಡ ಹೋಗುವುದಾದರೆ ಹಿಂಜರಿಯದೆ ಹೆಸರು ಕೊಡು. ಕಂಸಾಳೆ ಕಲಿತವಳು ನೀನು, ಆ ತಾಳ ಪೆಟ್ಟಿಗೆಯಲ್ಲೇ ಯಾಕೆ ಉಳಿಯಬೇಕು? ಮುಂದಿನ ವಾರ ನಿಮ್ಮಪ್ಪ ಬರುವಾಗ ಅವನ ಕೈಯಲ್ಲಿ ಕಳಿಸಿಕೊಡಲು ಹೇಳುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ