ಆಟ ಶುರುವಾಗ್ಲಿ, ಆದ್ರೆ ಎಲ್ಲಾನೂ ಒಟ್ಟಿಗೆ ಬೇಡ

ಸಂಪಾದಕರೇ,

2020ರ ಮಾರ್ಚ್‌ನಲ್ಲಿ ಕೊರೋನಾನ ಪ್ಯಾಂಡೆಮಿಕ್ ಅಂತ ಘೋಷಿಸಿದಾಗ ಮಕ್ಕಳ ಆಟಕ್ಕೆ ಬೀಗ ಬಿದ್ದಿತ್ತು, ಆಮೇಲೆ ಕೋಚಿಂಗ್ ಮತ್ತೆ ಶುರು ಅಂದ ತಕ್ಷಣ ಅಪ್ಪ-ಅಮ್ಮಂದಿರು ಕಳಿಸೋಣ ಅನ್ನೋರು, ಬೇಡ ಅನ್ನೋರು ಅಂತ ಎರಡು ಪಾರ್ಟಿ ಆಗ್ಬಿಟ್ರು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ, ಮೊಬೈಲ್ ಹಿಡ್ಕೊಂಡು ಕೂತ್ರೆ ಅದೆಲ್ಲಿಂದ ಬರ್ಬೇಕು? ಹಾಗಂತ ಬಯಲಲ್ಲಿ ಓಡೋದೂ ಗಾಳಿ ಆಡದ ಹಾಲ್‌ನಲ್ಲಿ ಕುಸ್ತಿ ಮಾಡೋದೂ ಒಂದೇ ಅಲ್ಲ. ನಂಗನ್ಸೋದು, ಆಟಕ್ಕಿಂತ ಡ್ರೆಸ್ಸಿಂಗ್ ರೂಮಿನ ಹರಟೆ, ಒಂದೇ ವ್ಯಾನಲ್ಲಿ ತುಂಬ್ಕೊಂಡು ಹೋಗೋದು, ಇವೇ ಜಾಸ್ತಿ ಡೇಂಜರ್ರು (ಗ್ಯಾಲರೀಲಿ ಕಿರುಚೋ ನಾವೂ ಸೇರಿ). ಇನ್ನು ಸೋಂಕು ಬಂದು ಹೋದ ಮಗು ಎದೆನೋವು, ಉಸಿರು ಕಟ್ಟುತ್ತೆ ಅಂದ್ರೆ ಹೃದಯದ ಸ್ನಾಯು ಊದಿರೋ ಚಾನ್ಸ್ ಇರುತ್ತೆ, ಅಪರೂಪನೇ, ಆದ್ರೂ ಡಾಕ್ಟ್ರು ನೋಡೋವರ್ಗೂ ಮೈದಾನಕ್ಕೆ ಬಿಡ್ಬೇಡಿ, ಮ್ಯಾಚ್ ಯಾವ್ದೇ ಇರ್ಲಿ.

– ಒಬ್ಬ ಪಾಲಕ