ಹೊಸ ಫೋನ್ ಆಗಲೇ ತುಂಬಿಹೋಯಿತಾ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ ಹೊಸ ಫೋನ್ ಕೊಡಿಸಿ ತಿಂಗಳೂ ಆಗಿಲ್ಲ, ಆಗಲೇ ‘ಜಾಗ ಇಲ್ಲ’ ಅಂತ ಗೋಳು. ತೆಗೆದು ನೋಡಿದರೆ ಗ್ಯಾಲರಿ ತುಂಬಾ ಗುಲಾಬಿ ಹೂವಿನ ಶುಭೋದಯ! ನಮ್ಮ ಈ ವಾಟ್ಸಾಪ್ ಗುಂಪಿನದೇ ಜಾಸ್ತಿ, ಬೇಜಾರು ಮಾಡ್ಕೋಬೇಡಿ.

ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ಗೆ ಹೋಗಿ. ಮೀಡಿಯಾ ಆಟೋ ಡೌನ್‌ಲೋಡ್ ಕೆಳಗೆ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ಟಿಕ್ ತೆಗೆಯಿರಿ. ಆಮೇಲೆ ನೀವು ಒತ್ತಿದ ಫೋಟೋ ಮಾತ್ರ ಇಳಿಯುತ್ತದೆ. ಅಲ್ಲೇ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳು ಒಂದೇ ಕಡೆ ಸಿಗುತ್ತವೆ. ಸುಮ್ನೆ ಎಲ್ಲಾ ಅಳಿಸಬೇಡಿ, ಮೊಮ್ಮಕ್ಕಳ ವಿಡಿಯೋನೂ ಅದರಲ್ಲೇ ಇರುತ್ತದೆ.

ಗೊತ್ತಾಗದಿದ್ದರೆ ಭಾನುವಾರ ಸಂಜೆ ಫೋನ್ ತಗೊಂಡು ಮನೆಗೆ ಬನ್ನಿ, ಮಾಡಿಕೊಡುತ್ತೇನೆ. ಚಾರ್ಜ್ ಮಾಡಿಕೊಂಡು ಬನ್ನಿ, ಅಷ್ಟೇ.